ಎರಡು ಪೆಟ್ಟಿಗೆ ಕಾಂಗರೂ

ಕಾಂಗರೂ ಮಾಂಸದ ಕೆಲಸ ನನ್ನ ಪಾಲಿಗೆ ಬಂದದ್ದು ಬೇರೆ ಇಬ್ಬರು ಬೇಡವೆಂದ ಮೇಲೆ. ಎಂಬತ್ತರ ದಶಕದ ಮಾತು. ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನ ಒಂದು ಪರೀಕ್ಷಾ ಅಡುಗೆಮನೆಯಲ್ಲಿ ನಾವು ಮೂವರು ಹೆಂಗಸರಿದ್ದೆವು. ಆಹಾರದ ಕಂಪನಿಗಳು ಹೊಸ ಸರಕು ಕಳಿಸುತ್ತಿದ್ದವು. ಅದನ್ನು ಮನೆಯ ಒಲೆಯ ಮೇಲೆ ಹೇಗೆ ಮಾಡಬೇಕೆಂದು ನಾವು ಬೇಯಿಸಿ, ತೂಗಿ, ಕಾರ್ಡುಗಳಲ್ಲಿ ಬರೆದು ಕೊಡುತ್ತಿದ್ದೆವು. ಒಬ್ಬಳು, ಮಗನ ಹಾಸಿಗೆಯ ಮೇಲೆ ಕಾಂಗರೂ ಗೊಂಬೆಯಿದೆ, ನನ್ನಿಂದಾಗದು ಎಂದಳು. ಇನ್ನೊಬ್ಬಳು ಕಾರಣವನ್ನೂ ಹೇಳಲಿಲ್ಲ. ಅಡುಗೆಮನೆಯ ಮುಖ್ಯಸ್ಥೆ ನನ್ನ ಕಡೆ ತಿರುಗಿ, "ನಿನಗೆ ಅಭ್ಯಂತರ ಇರಲಿಕ್ಕಿಲ್ಲ, ಅಲ್ಲವೇ?" ಎಂದರು.

ನಾನು ಮಂಗಳೂರಿನ ಕ್ರೈಸ್ತರ ಮನೆಯವಳು. ಹಂದಿ, ದನ, ಮೊಲ ಎಲ್ಲ ಕೊಯ್ದು ಬೇಯಿಸಿದ ಮನೆ. ಅಭ್ಯಂತರ ಇರಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನೇ ಹುಡುಕಿಕೊಂಡು ಬಂದದ್ದರಲ್ಲಿ ನನ್ನ ಬಣ್ಣದ ಪಾಲೆಷ್ಟು ಎಂಬ ಅನುಮಾನ ಅಂದೇ ಹುಟ್ಟಿತು.

ಮುಖ್ಯಸ್ಥೆಗೆ ಅರವತ್ತು ಸಮೀಪಿಸಿತ್ತು. ಹಿಂದೆ ಶಾಲೆಯಲ್ಲಿ ಅಡುಗೆ ಕಲಿಸುತ್ತಿದ್ದವರು, ಕೊರಳಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚು. ಕ್ಯಾಲಿಫೋರ್ನಿಯಾದಲ್ಲಿ ಆಗ ಕಾಂಗರೂ ಮಾಂಸ ಮಾರುವಂತಿರಲಿಲ್ಲ. ಹಾಗಿರುವಾಗ ನಾವಿದನ್ನು ಮಾಡಬಹುದೇ ಎಂದು ಕೇಳಿದೆ.

"ಇಲ್ಲಿ ಮಾರುವುದಿಲ್ಲ, ಪರೀಕ್ಷೆ ಮಾತ್ರ. ಈ ಕಾರ್ಡುಗಳಿಂದ ಆಗುವ ಕೈಪಿಡಿ ಹೋಗುವುದು ಬೇರೆ ರಾಜ್ಯಗಳಿಗೆ. ವಕೀಲರು ಪತ್ರ ಕೊಟ್ಟಿದ್ದಾರೆ."

"ಆ ಪತ್ರವನ್ನು ನಾನು ನೋಡಬಹುದೇ?"

"ಫೈಲಿನಲ್ಲಿದೆ," ಎಂದರು. ಯಾವ ಫೈಲು ಎನ್ನಲಿಲ್ಲ.

ಮೊದಲ ಪೆಟ್ಟಿಗೆಯನ್ನು ಆಮದು ಕಂಪನಿಯ ಏಜೆಂಟನೇ ಕಾರಿನ ಡಿಕ್ಕಿಯಲ್ಲಿ ತಂದ. ಮೇಲೆ ಏನೂ ಅಚ್ಚಾಗಿರದ ಬಿಳಿ ರಟ್ಟಿನ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಸುತ್ತಿದ ಹೆಪ್ಪುಗಟ್ಟಿದ ತುಂಡುಗಳು. ನಗುಮುಖದ, ಯಾರ ಹೆಸರನ್ನೂ ಮರೆಯದ ಮನುಷ್ಯ. "ಹೃದಯದ ಡಾಕ್ಟರುಗಳು ಕನಸಿನಲ್ಲಿ ಕಾಣುವ ಮಾಂಸ ಇದು. ಕೊಬ್ಬೇ ಇಲ್ಲ," ಎಂದ.

ಹೃದಯದ ಮಾತು ನನಗೆ ತಾಗಿತು. ನನ್ನ ಗಂಡನ ರಕ್ತದಲ್ಲಿ ಕೊಲೆಸ್ಟರಾಲು ಹೆಚ್ಚಿದೆಯೆಂದು ಆ ವರ್ಷವಷ್ಟೇ ಗೊತ್ತಾಗಿತ್ತು. ಡಾಕ್ಟರು ಕೆಂಪು ಮಾಂಸ ಬಿಡಿ ಎಂದಿದ್ದರು. ಅವರು ಬಿಟ್ಟಿದ್ದರು, ಆದರೆ ಊಟಕ್ಕೆ ಕೂತಾಗ ತಟ್ಟೆಯನ್ನು ನೋಡುತ್ತಿದ್ದ ರೀತಿ ನನಗೆ ಮಾತ್ರ ಗೊತ್ತು.

ನಮ್ಮ ಕ್ರಮ ಹೀಗಿತ್ತು. ಹೊಸ ಪೆಟ್ಟಿಗೆ ಬಂದೊಡನೆ ಅದರಿಂದ ಒಂದು ಪೌಂಡು ತೆಗೆದು, ಸುತ್ತಿ, ತಾರೀಖು ಬರೆದು ಬೇರೆ ಫ್ರೀಜರಿನಲ್ಲಿಡಬೇಕು. ಆಮೇಲೆ ಒಂದೊಂದು ಅಡುಗೆಯನ್ನೂ ಮೂರು ಸಲ ಮಾಡಬೇಕು: ಅದೇ ತೂಕ, ಅದೇ ಬಾಣಲೆ, ಅದೇ ಉರಿ. ಬೇಯುವ ಮುಂಚೆ ಒಮ್ಮೆ, ಬೆಂದ ಮೇಲೆ ಒಮ್ಮೆ ತೂಗಬೇಕು. ಮಾಂಸದ ನಡುವೆ ಥರ್ಮಾಮೀಟರು ಚುಚ್ಚಿ ಡಿಗ್ರಿ ಬರೆಯಬೇಕು. ಮೂರೂ ಸಲ ಒಂದೇ ಫಲ ಬಂದರೆ ನಾಲ್ಕನೆಯದು ಯಾರದಾದರೂ ಮನೆಯ ಒಲೆಯ ಮೇಲೆ.

ಮೊದಲ ಪೆಟ್ಟಿಗೆ ನನಗೆ ಎಲ್ಲಿಯೂ ತೊಂದರೆ ಕೊಡಲಿಲ್ಲ. ಕಡುಗೆಂಪು, ಸ್ವಲ್ಪ ಸಿಹಿ ವಾಸನೆ. ಒಂದಂಗುಲ ದಪ್ಪದ ಸ್ಟೇಕನ್ನು ಕಬ್ಬಿಣದ ಬಾಣಲೆಯಲ್ಲಿ ಒಂದೊಂದು ಮಗ್ಗುಲಿಗೆ ನಾಲ್ಕು ನಿಮಿಷ ಇಟ್ಟರೆ ಒಳಗೆ ಫ್ಯಾರನ್‌ಹೀಟಿನಲ್ಲಿ ನೂರೈವತ್ತು ಡಿಗ್ರಿ. ಆದರೂ ರಸ ಉಳಿಯುತ್ತಿತ್ತು. ಎಳೆಗಳ ನಡುವೆ ಅಲ್ಲಲ್ಲಿ ಹಳದಿ ಕೊಬ್ಬು ಸಿಕ್ಕಿತು, ಮೆತ್ತಗೆ, ಬೆರಳಿಗೆ ಎಣ್ಣೆಯಂತೆ ಅಂಟುವಂಥದು. ಕತ್ತರಿಸಿ ತೆಗೆದೆ, ನೋಟ್‌ಬುಕ್ಕಿನಲ್ಲಿಯೂ ಬರೆದೆ. ಕೊಬ್ಬೇ ಇಲ್ಲ ಎಂದಿರಲ್ಲ ಎಂದು ಏಜೆಂಟನಿಗೆ ಫೋನಿನಲ್ಲಿ ಕೇಳಿದಾಗ, "ಕಾಡು ಹುಲ್ಲು ತಿನ್ನುವ ಪ್ರಾಣಿ, ಅಲ್ಪಸ್ವಲ್ಪ ಇರುತ್ತದೆ," ಎಂದ. ಸರಿ ಎಂದುಕೊಂಡೆ. ಮೂರು ವಾರಗಳಲ್ಲಿ ಹನ್ನೊಂದು ಕಾರ್ಡುಗಳಾದವು.

ಸ್ಯಾನ್ ರಮೋನಿನ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮನೆ ಪರೀಕ್ಷೆ ಮಾಡಿದೆ. ಗಂಡ ಎರಡು ಸಲ ಬಡಿಸಿಕೊಂಡರು. ಎಂಟು ವರ್ಷದ ಮಗಳು, "ಮಮ್ಮಿ, ಇಟ್ಸ್ ಗುಡ್," ಎಂದಳು. ಅಷ್ಟು ಸುಲಭವಾಗಿ ಮುಗಿದ ಕೆಲಸ ನನ್ನ ನೆನಪಿನಲ್ಲಿ ಬೇರೆ ಇರಲಿಲ್ಲ.

ಎರಡನೆಯ ಪೆಟ್ಟಿಗೆ ಬಂದದ್ದು ಕೊನೆಯ ತಾಳೆಗಾಗಿ. ಈ ಸಲ ಲಾರಿಯಲ್ಲಿ ಬಂತು, ಆಸ್ಟ್ರೇಲಿಯಾದ ಅಚ್ಚು, ಮುದ್ರೆ ಎಲ್ಲ ಇದ್ದ ಪೆಟ್ಟಿಗೆ. ಕರಗಿಸಿ ನೋಡಿದೆ. ಬಣ್ಣ ಹೆಚ್ಚು ಕಡಿಮೆ ಕಪ್ಪು. ಕೊಬ್ಬಿನ ಸುಳಿವಿಲ್ಲ, ಬಿಳಿ ಪೊರೆ ಮಾತ್ರ. ಮೊದಲ ಕಾರ್ಡಿನಂತೆ ನಾಲ್ಕು ನಿಮಿಷ, ನಾಲ್ಕು ನಿಮಿಷ ಇಟ್ಟು ತೆಗೆದರೆ ಬಾಣಲೆಯಿಂದ ಬಂದದ್ದು ಚಪ್ಪಲಿಯ ಅಟ್ಟೆ. ತೂಕದಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಹೋಗಿತ್ತು. ಬಾಯಲ್ಲಿ ಲಿವರಿನ ಕಮಟು. ಮತ್ತೆ ಮಾಡಿದೆ, ಅದೇ. ಬೇರೆ ತುಂಡು ತೆಗೆದೆ, ಅದೇ. ಕೀಮಾ ಉಂಡೆಗಳು ಬಾಣಲೆಯಲ್ಲಿ ಮರಳಿನಂತೆ ಉದುರಿದವು. ನಾಲ್ಕು ದಿನ ಹೀಗೇ ಕಳೆಯಿತು.

ಐದನೆಯ ದಿನ ಮುಖ್ಯಸ್ಥೆ ನನ್ನ ಒಲೆಯ ಪಕ್ಕ ಬಂದು ನಿಂತರು. ನನ್ನ ಥರ್ಮಾಮೀಟರನ್ನು ತೆಗೆದುಕೊಂಡು ಐಸು ನೀರಿನಲ್ಲಿ, ಆಮೇಲೆ ಕುದಿಯುವ ನೀರಿನಲ್ಲಿ ಅದ್ದಿ ನೋಡಿದರು. ಅದು ಸರಿಯಾಗಿಯೇ ಇತ್ತು.

"ಹಾಗಾದರೆ ಮೊದಲಿನ ಹನ್ನೊಂದು ಕಾರ್ಡುಗಳನ್ನು ನಿಜವಾಗಿಯೂ ಮೂರು ಮೂರು ಸಲ ಮಾಡಿದ್ದೀಯಾ?"

"ನೋಟ್‌ಬುಕ್ಕಿನಲ್ಲಿದೆ," ಎಂದೆ.

"ನೋಟ್‌ಬುಕ್ಕಿನಲ್ಲಿ ಏನು ಬೇಕಾದರೂ ಬರೆಯಬಹುದು."

ಅವರು ಹೋದ ಮೇಲೆ ನನಗೆ ಉಳಿದದ್ದು ಒಂದೇ ಯೋಚನೆ. ಎರಡನೆಯ ಪೆಟ್ಟಿಗೆಯಲ್ಲಿರುವುದು ಕಾಂಗರೂ ಅಲ್ಲ. ಇಲ್ಲವೇ ಮುದಿ ಪ್ರಾಣಿ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಮಾಲು. ಯಾರೋ ನನಗೆ ಕಸ ಕಳಿಸಿ ನನ್ನ ಒಳ್ಳೆಯ ಕಾರ್ಡುಗಳನ್ನು ಕೆಡಿಸುತ್ತಿದ್ದಾರೆ.

ಆಫೀಸಿಗೆ ನಾನು ಪಕ್ಕದ ಮನೆಯ ಧಾರವಾಡದ ಹುಡುಗಿಯ ಜೊತೆ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಅವಳ ಕೆಲಸವೂ ವಾಲ್ನಟ್ ಕ್ರೀಕಿನಲ್ಲೇ. ಆ ಸಂಜೆ ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದಾಗ ಎಲ್ಲವನ್ನೂ ಅವಳ ಮುಂದೆ ತೋಡಿಕೊಂಡೆ.

"ನಮ್ಮಪ್ಪಂಗೆ ತೋರ್ಸಿ ಅಕ್ಕಾ," ಎಂದಳು. "ಥರ್ಟಿ ಇಯರ್ಸು ಅದೇ ಕೆಲ್ಸ ಮಾಡಿದ್ದಾರೆ. ಇಲ್ಲಿ ಬಂದು ಬೋರಾಗಿ ಟೀವಿ ಮುಂದೆ ಕೂತಿರ್ತಾರೆ ಪಾಪ. ಆದ್ರೆ ನಮ್ಮ ಕಿಚನ್ನಲ್ಲಿ ಮಾತ್ರ ಬೇಡ, ಪ್ಲೀಸ್. ಅಮ್ಮ ಊಟಾನೇ ಬಿಡ್ತಾರೆ."

ಅವಳ ತಂದೆ ನಿವೃತ್ತ ಪಶುವೈದ್ಯರು. ಕಸಾಯಿಖಾನೆಗಳ ತಪಾಸಣೆ ಮಾಡಿಕೊಂಡು ನೌಕರಿ ಮುಗಿಸಿದವರು. ಲಿಂಗಾಯತರು, ಜೀವಮಾನದಲ್ಲಿ ಒಂದು ತುಂಡು ಮಾಂಸ ಬಾಯಿಗಿಟ್ಟವರಲ್ಲ. ಮುಖ್ಯಸ್ಥೆಗೆ ಹೇಳದೆ ಎರಡೂ ಪೆಟ್ಟಿಗೆಗಳಿಂದ ಒಂದೊಂದು ಹಿಡಿ ಮಾಂಸ ಮನೆಗೆ ತಂದೆ. ಮನೆ ಪರೀಕ್ಷೆಗೆ ಎಂದು ರಿಜಿಸ್ಟರಿನಲ್ಲಿ ಬರೆದೆ. ಅದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡ್ಯೂಟಿಗೆ ಬಂದವರಂತೆ ಬಂದರು. ನಮ್ಮ ಮನೆಯ ಹೊರಗಿನ ಪ್ಯಾಟಿಯೋ ಕಟ್ಟೆಯಲ್ಲಿ ಮೇಜು ಹಾಕಿದ್ದೆ. ಮೊಣಕೈವರೆಗೆ ಕೈ ತೊಳೆದುಕೊಂಡು, "ಯಾವುದು ಯಾವ ಪೆಟಿಗಿದು ಅಂತ ನನಗ ಹೇಳಬ್ಯಾಡ," ಎಂದರು. "ನಾಕು ತಟ್ಟಿ ಮಾಡು, ಒಂದೊಂದರದು ಎರಡೆರಡು. ನಂಬರ್ ಹಾಕಿ ಚೀಟಿ ನಿನ್ನ ಹತ್ರ ಇಟ್ಕೋ. ನಾ ಆಕಡೆ ಮಾರಿ ಮಾಡಿ ನಿಂದರತೀನಿ."

ಹಾಗೆಯೇ ಮಾಡಿದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದರು, ಎಳೆ ಬಿಡಿಸಿದರು, ಮೂಸಿದರು. ಒಂದರಲ್ಲಿ ಉಳಿದಿದ್ದ ಹಳದಿ ಕೊಬ್ಬಿನ ಚೂರನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ಕರಗುವುದನ್ನು ನೋಡಿದರು.

"ಟಿಂಚರ್ ಅಯೋಡಿನ್ ಐತೇನವಾ ಮನ್ಯಾಗ?"

ಇತ್ತು, ಮಗಳ ಮೊಣಕಾಲಿನ ಗಾಯಗಳಿಗೆಂದು. ಪ್ರತಿಯೊಂದು ತುಂಡನ್ನೂ ಸಣ್ಣಗೆ ಕೊಚ್ಚಿ, ನೀರಿನಲ್ಲಿ ಕುದಿಸಿ, ಬತ್ತಿಸಿ, ತಣಿಸಿ, ಕಾಫಿ ಸೋಸುವ ಕಾಗದದಲ್ಲಿ ಸೋಸಲು ಹೇಳಿದರು. ಆ ತಿಳಿಗೆ ಅಯೋಡಿನ್ ಹನಿಸಿದರು. ನಾಲ್ಕೂ ಕಡುನೀಲಿಯಾದವು. ನಾಲ್ಕೂ ಒಂದೇ ಆದರೆ ಇಷ್ಟೆಲ್ಲ ಮಾಡಿದ್ದೇಕೆ ಎಂದುಕೊಂಡೆ. ಅವರು ಮಾತ್ರ ಪಾತ್ರೆಯನ್ನು ಎತ್ತಿ ಮೂಸಿ, "ಇದರಾಗ ಏನು ಬೇಸಿದ್ದಿ?" ಎಂದರು.

"ನಿನ್ನೆ ಗಂಜಿ, ಕಾಕಾ. ತೊಳೆದಿದ್ದೆ."

"ಏನ್ ತೊಳದಿ! ಗಂಜಿ ಇದ್ದರ ಅಯೋಡಿನ್ ನೀಲಿ ಆಗೂದು ಕಾಲೇಜಿನಾಗ ಕಲತಿಲ್ಲೇನು? ಗಾಜಿನ ಭಾಂಡಿ ತಗೊಂಬಾ. ಮತ್ತ ಮೊದಲಿಂದ."

ಕಾಲೇಜಿನಲ್ಲಿ ಕಲಿತಿದ್ದೆ. ನಾಚಿಕೆಯಾಯಿತು. ಕಾಫಿ ಕಾಯಿಸುವ ಗಾಜಿನ ಪಾತ್ರೆಯನ್ನು ಮೂರು ಸಲ ತೊಳೆದು ತಂದೆ. ಒಂದೊಂದನ್ನೇ ಮತ್ತೆ ಕುದಿಸಿ ಸೋಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಈ ಸಲ ಒಂದು ಮತ್ತು ನಾಲ್ಕನೆಯ ಬಟ್ಟಲುಗಳಲ್ಲಿ ಅಯೋಡಿನ್ ತನ್ನ ಕಂದು ಹಳದಿ ಬಣ್ಣದಲ್ಲೇ ಉಳಿಯಿತು. ಎರಡು ಮತ್ತು ಮೂರನೆಯವುಗಳಲ್ಲಿ ಹನಿ ಬಿದ್ದಲ್ಲಿ ಕೆಂಪು ನೇರಳೆ ಉಂಗುರ ಮೂಡಿ ಮೆಲ್ಲಗೆ ಕೆಳಗಿಳಿಯಿತು.

"ಎರಡು, ಮೂರು," ಎಂದರು. "ಕುದರಿ ಇದ್ದಂಗ ಐತಿ. ಹುಬ್ಬಳ್ಳ್ಯಾಗ ಟಾಂಗಾ ಕುದರಿ ಸತ್ತರ ಕೆಲವರು ಕಡದು ದನದ ಮಾಂಸದಾಗ ಸೇರಸ್ತಿದ್ರು. ಹಿಂಗ ಹಿಡೀತಿದ್ವಿ. ಅದರ ಮಾಂಸದಾಗ ಒಂದು ನಮೂನಿ ಸಕ್ಕರಿ ಅಂಶ ಉಳದಿರತೈತಿ. ತಿಂದವರು ಸಿಹಿ ಅಂತಾರ, ನನಗೇನ್ ಗೊತ್ತು."

ಚೀಟಿ ಬಿಡಿಸಿದೆ. ಒಂದು ಮತ್ತು ನಾಲ್ಕು ಎರಡನೆಯ ಪೆಟ್ಟಿಗೆಯವು. ಎರಡು ಮತ್ತು ಮೂರು, ನನ್ನ ಒಳ್ಳೆಯ ಪೆಟ್ಟಿಗೆಯವು.

"ಅದಲು ಬದಲಾಗಿರಬಹುದಾ ಕಾಕಾ?"

"ನಂಬರ್ ಹಾಕಿದಾಕಿ ನೀನು," ಎಂದರು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಇದು ಸಾಕ್ಷಿ ಅಲ್ಲ ತಂಗಿ, ಸಂಶೆ ಅಷ್ಟ. ಕಾಂಗರೂನ ನಾ ಹುಟ್ಟಿದಾಗಿಂದ ನೋಡಿಲ್ಲ. ದೊಡ್ಡ ಲ್ಯಾಬಿಗೆ ಕಳಸ್ರಿ. ಇಬ್ಬರು ಕೂಡಿ ಸೀಲ್ ಹಾಕಿ ಕಳಸ್ರಿ. ಒಬ್ಬಾಕಿನ ಕಳಿಸಿದ್ರ ನಾಳೆ ನಿನ್ನ ಮ್ಯಾಲೆ ಬರತೈತಿ."

ಅಂದು ಗಂಡನಿಗೆ ಹೇಳಿದೆ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅವರು ಕೇಳಿದ್ದು ಇಷ್ಟೇ: "ಒಳ್ಳೆಯದೆಂದು ನೀನು ಬಡಿಸಿದೆ. ನಾನು ಏನೆಂದು ಕೇಳಲೂ ಇಲ್ಲ, ಅಲ್ಲವಾ?" ಸಿಟ್ಟು ಮಾಡಿದ್ದರೆ ಉತ್ತರ ಕೊಡಬಹುದಿತ್ತು.

ಸೋಮವಾರ ಮುಖ್ಯಸ್ಥೆಯ ಬಾಗಿಲು ತಟ್ಟಿದೆ. ಮಾಂಸವನ್ನು ಹೊರಗೆ ಒಯ್ದದ್ದನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಅವರ ಮುಖ ಕಲ್ಲಾಯಿತು.

"ಅಂದರೆ ನಿನ್ನ ಕಾರ್ಡುಗಳು ಕೆಲಸ ಮಾಡುತ್ತಿಲ್ಲ, ಅದಕ್ಕೆ ಪ್ಯಾಟಿಯೋದಲ್ಲಿ ಒಬ್ಬ ಮುದುಕರು ಕಾರಣ ಹುಡುಕಿ ಕೊಟ್ಟಿದ್ದಾರೆ."

"ಕಾರಣ ನನಗೆ ಅನುಕೂಲವಾಗಿಲ್ಲ," ಎಂದೆ. "ಎರಡನೆಯದು ಕಳ್ಳಮಾಲು ಎಂದು ಗೊತ್ತಾಗಿದ್ದರೆ ನನ್ನ ಹನ್ನೊಂದು ಕಾರ್ಡುಗಳು ಉಳಿಯುತ್ತಿದ್ದವು. ಇದು ನಿಜವಾದರೆ ಒಂದೂ ಉಳಿಯುವುದಿಲ್ಲ."

ಅವರು ಸ್ಟಾಪ್‌ವಾಚನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟರು. ಎದ್ದು ಕಪಾಟು ತೆರೆದು ಒಂದು ಫೈಲು ತಂದು ನನ್ನ ಮುಂದೆ ಬಿಚ್ಚಿದರು. ವಕೀಲರ ಪತ್ರ ಅಲ್ಲಿತ್ತು, ಸಹಿ ಸಮೇತ. ಅದರ ಕೆಳಗೆ ಎರಡೂ ಪೆಟ್ಟಿಗೆಗಳ ಕಾಗದ. ಎರಡನೆಯದಕ್ಕೆ ಬಂದರಿನ ತಪಾಸಣೆಯ ಮುದ್ರೆಗಳು. ಮೊದಲನೆಯದಕ್ಕೆ ಏಜೆಂಟ್ ಕೈಯಾರೆ ಬರೆದ ಒಂದು ರಸೀದಿ ಬಿಟ್ಟರೆ ಏನೂ ಇರಲಿಲ್ಲ. ಅವರು ಅದನ್ನು ಎರಡು ಸಲ ಓದಿದರು. "ಇದನ್ನು ನಾನು ನೋಡಬೇಕಿತ್ತು," ಎಂದರು, ನನಗಲ್ಲ.

ಎತ್ತಿಟ್ಟಿದ್ದ ಎರಡು ಪೊಟ್ಟಣಗಳನ್ನು ಇಬ್ಬರೂ ಸೇರಿ ತೆಗೆದೆವು. ಪ್ರತಿಯೊಂದರಿಂದ ಅರ್ಧ ಕತ್ತರಿಸಿ, ಸುತ್ತಿ, ಟೇಪಿನ ಮೇಲೆ ಇಬ್ಬರೂ ಸಹಿ ಹಾಕಿ, ಒಣ ಮಂಜುಗಡ್ಡೆಯಲ್ಲಿಟ್ಟು ಮಾಂಸದ ಜಾತಿ ಪತ್ತೆ ಮಾಡುವ ಪ್ರಯೋಗಾಲಯಕ್ಕೆ ಕಳಿಸಿದೆವು. ಉತ್ತರಕ್ಕೆ ಎರಡು ವಾರವಾದರೂ ಬೇಕೆಂದರು.

ಕಾಯುವಾಗ ನಾನು ಎರಡನೆಯ ಪೆಟ್ಟಿಗೆಯನ್ನು ಮೊದಲಿನಿಂದ ಶುರುಮಾಡಿದೆ, ಇದೇ ಕಾಂಗರೂ ಎಂದು ನಂಬಿ. ನಂಬಿದೊಡನೆ ಕೈಯ ನಡವಳಿಕೆಯೇ ಬದಲಾಯಿತು. ಕೊಬ್ಬಿಲ್ಲದ ಮಾಂಸವನ್ನು ಉರಿಯಿಂದ ಕಾಪಾಡುವಂಥದ್ದು ಏನೂ ಇಲ್ಲ. ಹೊತ್ತು ಕಡಿಮೆ ಮಾಡಿಯೇ ಅದನ್ನು ಕಾಪಾಡಬೇಕು. ಎಣ್ಣೆಯನ್ನು ಬಾಣಲೆಗೆ ಹಾಕುವುದು ಬಿಟ್ಟು ಒಂದು ಚಮಚೆಯಷ್ಟನ್ನು ಮಾಂಸಕ್ಕೇ ಸವರಿದೆ. ಹೊಗೆ ಬರುವಷ್ಟು ಕಾದ ಬಾಣಲೆ. ಒಂದು ಮಗ್ಗುಲಿಗೆ ಎರಡು ನಿಮಿಷ, ಇನ್ನೊಂದಕ್ಕೆ ಒಂದೂವರೆ. ನೂರಿಪ್ಪತ್ತೈದು ಡಿಗ್ರಿಗೆ ತೆಗೆದು, ಸಡಿಲವಾಗಿ ಮುಚ್ಚಿ ಐದು ನಿಮಿಷ ಬಿಟ್ಟು, ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ದೆ. ಒಳಗೆ ಮಾಣಿಕ್ಯದ ಬಣ್ಣ. ಮಾಂಸ ಕೊಯ್ದ ಮೇಲೆಯೇ ಉಪ್ಪು. ಕೀಮಾಕ್ಕೆ ತುರಿದ ಈರುಳ್ಳಿ, ನೆನೆಸಿದ ಓಟ್ಸ್ ಸೇರಿಸಿದಾಗ ಉಂಡೆ ನಿಂತಿತು. ಬಾಲದ ತುಂಡುಗಳಿಗೆ ನನ್ನ ಅಜ್ಜಿ ಮೊಲಕ್ಕೆ ಮಾಡುತ್ತಿದ್ದಂತೆ ವಿನೆಗರು, ಕೊತ್ತಂಬರಿ ಬೀಜ, ಮೆಣಸು ಅರೆದು ಹಾಕಿ, ಕುದಿ ಬರಲು ಬಿಡದೆ ಮೂರು ಗಂಟೆ ಬೇಯಿಸಿದೆ. ಅಜ್ಜಿಯ ತೆಂಗಿನಕಾಯಿಯನ್ನು ಮಾತ್ರ ಕೈಬಿಟ್ಟೆ. ಹೃದಯದ ಹೆಸರು ಹೇಳಿ ಕಾಯಿ ಹಾಕುವುದು ಸರಿಯಲ್ಲ.

ಮುಖ್ಯಸ್ಥೆ ಒಲೆಯ ಬಳಿ ನಿಂತೇ ಒಂದು ಚೂರು ತಿಂದು, ಮತ್ತೊಂದಕ್ಕೆ ಕೈಚಾಚಿದರು. ಮನೆಗೆ ಮಾತ್ರ ನಾನು ಏನನ್ನೂ ಒಯ್ಯಲಿಲ್ಲ.

ಎರಡನೆಯ ವಾರ ಏಜೆಂಟ್ ಹೇಳದೆ ಕೇಳದೆ ಬಂದ. ಆ ದಿನ ಮುಖ್ಯಸ್ಥೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರು. ಕೈಪಿಡಿ ಅಚ್ಚಿಗೆ ಹೋಗಬೇಕು, ಹನ್ನೊಂದು ಕಾರ್ಡು ಕೊಡಿ ಎಂದ. ಇನ್ನೂ ತಾಳೆಯಾಗಿಲ್ಲ ಎಂದೆ.

"ಪರವಾಗಿಲ್ಲ," ಎಂದು ನಕ್ಕ. "ಹಾಗಾದರೆ ಉಳಿದ ಮಾಂಸವನ್ನಾದರೂ ಒಯ್ಯುತ್ತೇನೆ. ಮೊದಲ ಪೆಟ್ಟಿಗೆಯದು."

ತೊಂದರೆ ಕೊಟ್ಟದ್ದು ಎರಡನೆಯದೆಂದು ಅವನಿಗೆ ಫೋನಿನಲ್ಲಿ ಹೇಳಿದವಳು ನಾನೇ. ಆದರೂ ಅವನು ಕೇಳಿದ್ದು ಮೊದಲನೆಯದನ್ನು.

"ಮೊದಲನೆಯದು ಯಾಕೆ?"

"ನಮ್ಮ ಮಾಲು. ಯಾಕೆಂದು ನಾನು ಹೇಳಬೇಕಿಲ್ಲ."

ಫ್ರೀಜರಿನ ಬೀಗದ ಕೈ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ಕೊಟ್ಟುಬಿಡುವುದು ಸುಲಭವಿತ್ತು, ಮಾಂಸ ಅವನದೇ, ಕೊಡಬೇಡವೆಂದು ನನಗೆ ಯಾರೂ ಹೇಳಿರಲಿಲ್ಲ. ಪ್ರಯೋಗಾಲಯಕ್ಕೆ ಹೋದದ್ದು ಸಣ್ಣ ತುಂಡು. ಅದು ಕಳೆದುಹೋದರೆ, ಕೆಟ್ಟರೆ, ಮತ್ತೊಮ್ಮೆ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

"ಮುಖ್ಯಸ್ಥೆ ಬಂದ ಮೇಲೆ, ಅವರ ಸಹಿಯ ಮೇಲೆ," ಎಂದೆ.

ಅವನ ನಗು ಹೋಯಿತು. ನನ್ನ ಹೆಸರನ್ನು ನಿಧಾನವಾಗಿ ಉಚ್ಚರಿಸಿ ಕೇಳಿದ: "ನೀನು ಈ ದೇಶಕ್ಕೆ ಬಂದು ಎಷ್ಟು ವರ್ಷವಾಯಿತು? ಕಾಗದಪತ್ರವೆಲ್ಲ ಸರಿಯಾಗಿದೆಯಾ?"

ಎಲ್ಲ ಸರಿಯಾಗಿಯೇ ಇತ್ತು. ಮೇಜಿನ ಅಂಚು ಹಿಡಿದುಕೊಂಡು, "ನನ್ನ ಕಾಗದ ಸರಿಯಾಗಿದೆ. ಈ ಪೆಟ್ಟಿಗೆಯದು ತೋರಿಸಿ, ಬೀಗ ತೆಗೆಯುತ್ತೇನೆ," ಎಂದೆ. ಒಲೆಗಳ ಬಳಿಯಿದ್ದ ಸಹೋದ್ಯೋಗಿಗಳಿಬ್ಬರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಗೊಂಬೆಯ ಕಾರಣ ಹೇಳಿದ್ದವಳು ಕೈ ಒರೆಸಿಕೊಂಡು ಬಂದು, ನನ್ನ ಪಕ್ಕದಲ್ಲಿ ನಿಂತಳು. ಅವನು ಹೊರಟುಹೋದ.

ಪ್ರಯೋಗಾಲಯದ ಉತ್ತರ ಎರಡು ಸಾಲು. ಮೊದಲನೆಯದು ಕುದುರೆ. ಎರಡನೆಯದು ಕಾಂಗರೂ. ಮುಖ್ಯಸ್ಥೆ ಅದನ್ನು ಗಟ್ಟಿಯಾಗಿ ಓದಿ, ಮಾಂಸ ತಪಾಸಣೆಯ ಇಲಾಖೆಗೆ ಆಗಲೇ ಫೋನು ಮಾಡಿದರು. ನೋಟ್‌ಬುಕ್ಕಿನ ವಿಚಾರದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದರು, ಒಂದೇ ಸಲ, ಎಲ್ಲರ ಎದುರಿಗೆ. ಹಡಗಿನ ಮಾಲು ತಡವಾಯಿತು, ಬೇರೆ ಯಾರೋ ಕೊಟ್ಟದ್ದನ್ನು ತಂದೆ, ಅದು ಏನೆಂದು ನನಗೂ ಗೊತ್ತಿರಲಿಲ್ಲ ಎಂದು ಏಜೆಂಟ್ ಹೇಳಿದನೆಂದು ಆಮೇಲೆ ಕೇಳಿದೆ. ನಿಜವೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೈಪಿಡಿ ಅಚ್ಚಾಗಲಿಲ್ಲ.

ಇಲಾಖೆಯ ಅಧಿಕಾರಿ ಬಂದು ಎರಡೂ ಪೆಟ್ಟಿಗೆಗಳನ್ನು, ಹನ್ನೊಂದು ಹಳೆಯ ಕಾರ್ಡುಗಳನ್ನು, ನಾನು ಹೊಸದಾಗಿ ಬರೆದಿದ್ದ ನಾಲ್ಕನ್ನು ಕೂಡ ತೆಗೆದುಕೊಂಡರು. ವಯಸ್ಸಾದ, ನಿಧಾನದ ಮನುಷ್ಯ. ನನ್ನ ಹೇಳಿಕೆಯನ್ನು ತಾವೇ ಕೈಯಲ್ಲಿ ಬರೆದುಕೊಂಡರು.

"ಎರಡನೆಯ ಪೆಟ್ಟಿಗೆಯಲ್ಲಿ ಮುದ್ರೆ, ಕಾಗದ ಎಲ್ಲ ಇತ್ತು. ಅದರ ಮೇಲೆ ಸಂಶಯ ಯಾಕೆ ಬಂತು?"

"ಅದು ಚೆನ್ನಾಗಿ ಬೇಯಲಿಲ್ಲ."

"ಮೊದಲನೆಯದರ ಮೇಲೆ ಏನೂ ಬರೆದಿರಲಿಲ್ಲ. ಹಳದಿ ಕೊಬ್ಬನ್ನು ನೀವೇ ಗಮನಿಸಿದ್ದೀರಿ. ಮೂರು ವಾರ ಯಾಕೆ ಸಂಶಯ ಬರಲಿಲ್ಲ?"

"ರುಚಿಯಾಗಿತ್ತು," ಎಂದೆ.

ಅವರು ಅದನ್ನೂ ಬರೆದುಕೊಂಡು, ಹಾಳೆಯನ್ನು ನನ್ನ ಕಡೆ ತಿರುಗಿಸಿ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.